ಎರಡನೇ ಕ್ಲಾಸಿಗೇ ಓದಿನ ತಪಾಸಣೆ ಬೇಕೇ?

ಪ್ರಶ್ನೆ: ಮಗ ಎರಡನೇ ಕ್ಲಾಸು. ಬಿಡಿ ಅಕ್ಷರ ಗುರುತಿಸುತ್ತಾನೆ, ಕೂಡಿಸಿ ಓದು ಅಂದರೆ ತಡವರಿಸುತ್ತಾನೆ. ಶಿಕ್ಷಕಿ ಓದಿನ ತಪಾಸಣೆ ಮಾಡೋಣ ಅನ್ನುತ್ತಾರೆ. ಮನೆಯಲ್ಲಿ ಹಿರಿಯರು ‘ಇನ್ನಾ ಸಣ್ಣಾಂವ ಅದಾನ, ಮುಂದ ಕಲೀತಾನ ಬಿಡ್ರಿ’ ಅನ್ನುತ್ತಾರೆ. ಈಗಲೇ ಮಾಡಿಸಿದರೆ ದಡ್ಡ ಎಂಬ ಹಣೆಪಟ್ಟಿ ಬೀಳುವುದಿಲ್ಲವೇ?

ಕಲಬುರಗಿ, ಯಾದಗಿರಿ ಕಡೆಯ ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾಡಿಸಿ, ಕಾಯಬೇಡಿ.

ಇದು ಪರೀಕ್ಷೆಯಲ್ಲ, ಇದರಲ್ಲಿ ಪಾಸು–ಫೇಲು ಇಲ್ಲ. ಶಿಕ್ಷಕಿ ಒಂದೊಂದೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಲವು ಅಕ್ಷರ, ಕೆಲವು ಪದ ಓದಿಸುತ್ತಾರೆ. ಬಾಯಿಮಾತಿನ ಆಟವೂ ಇರುತ್ತದೆ. ‘ತೊಗರಿ’ಯಲ್ಲಿ ‘ತೊ’ ತೆಗೆದರೆ ಏನು ಉಳಿಯಿತು? ‘ಗರಿ’ ಎಂದು ಥಟ್ಟನೆ ಹೇಳುವ ಮಗುವಿಗೆ ಮಾತನ್ನು ತುಂಡರಿಸಿ ಕೇಳುವ ಕಿವಿ ಇದೆ. ಓದು ಬಹುಮಟ್ಟಿಗೆ ಆಧರಿಸಿರುವುದು ಆ ಕಿವಿಯನ್ನೇ. ಡಿಸ್ಲೆಕ್ಸಿಯಾ, ಅಂದರೆ ಓದು–ಬರಹವನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ, ಇದೆಯೋ ಇಲ್ಲವೋ ಎಂದು ಈ ತಪಾಸಣೆ ಹೇಳುವುದಿಲ್ಲ; ಅದನ್ನು ತೀರ್ಮಾನಿಸುವುದು ತಜ್ಞರ ಕೆಲಸ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರದ 2018ರ ಮಾರ್ಗಸೂಚಿಯೇ ಹೇಳಿತ್ತು.

ಕನ್ನಡದ ಲಿಪಿಯನ್ನೂ ನೆನಪಿಡಬೇಕು. ವರ್ಣಮಾಲೆ ಮುಗಿದರೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ. ಎಲ್ಲವೂ ಕೈವಶವಾಗಲು ಚುರುಕಾದ ಮಕ್ಕಳಿಗೂ ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ಎರಡನೇ ಕ್ಲಾಸಿನ ಮಗು ‘ಶಾಸ್ತ್ರ’ದಲ್ಲಿ ಎಡವಿದರೆ ಗಾಬರಿ ಬೇಡ. ‘ಮನೆ’, ‘ಕುರಿ’ಯಂಥ ಪದವನ್ನೂ ಪ್ರತಿಸಲ ಹೊಸದಾಗಿ ಕಂಡಂತೆ ಓದುತ್ತಿದ್ದರೆ ಗಮನ ಕೊಡಿ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಬೀದರ್‌ನ ಎಷ್ಟೋ ಮನೆಗಳಲ್ಲಿ ಮರಾಠಿ, ಉರ್ದು; ಗುರುಮಠಕಲ್ ಕಡೆ ತೆಲುಗು. ಕನ್ನಡ ಪದವೇ ಗೊತ್ತಿಲ್ಲದ ಮಗು ಅದನ್ನು ಓದಲಿಲ್ಲ ಅಂದರೆ ತಪ್ಪು ಮಗುವಿನದಲ್ಲ. ಅದೇ ಆಟವನ್ನು ಮನೆಮಾತಿನಲ್ಲಿ ಆಡಿಸಿ ನೋಡಬೇಕು. ಅಲ್ಲಿ ಸಲೀಸಾಗಿ ಬಂದರೆ ಆ ಮಗುವಿಗೆ ಬೇಕಿರುವುದು ಕನ್ನಡದ ಒಡನಾಟ. ಎರಡರಲ್ಲೂ ಕಷ್ಟವಾದರೆ ಮುಂದಿನ ಹೆಜ್ಜೆ ಇಡಬೇಕು. ದುಡಿಯಲು ಗುಳೆ ಹೋದವರ ಜೊತೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿದ್ದರೆ ಅದನ್ನೂ ಶಿಕ್ಷಕಿಗೆ ಮುಚ್ಚಿಡದೆ ಹೇಳಿ.

ಕಣ್ಣು, ಕಿವಿ ಮೊದಲು ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬಂದಾಗ ಮಗುವನ್ನು ತಪ್ಪಿಸಬೇಡಿ. ಆಮೇಲೂ ಅನುಮಾನ ಉಳಿದರೆ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ನೆರವು ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ತಪಾಸಣಾ ಸಾಧನ ಕನ್ನಡದಲ್ಲೂ ಇದೆ, ಒಂದು–ಎರಡನೇ ಕ್ಲಾಸಿಗೆಂದೇ ಅದರಲ್ಲಿ ಪ್ರತ್ಯೇಕ ಭಾಗವಿದೆ.

ತಪಾಸಣೆ ಮಾಡಿ ಹಾಳೆಯನ್ನು ಕಪಾಟಿಗೆ ಸೇರಿಸುವುದಾದರೆ ಮಾಡದಿರುವುದೇ ಲೇಸು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದ್ದರಿಂದ ಶಿಕ್ಷಕಿಯನ್ನು ‘ಎಷ್ಟು ಮಾರ್ಕ್ಸ್ ಬಂತು’ ಎಂದು ಕೇಳಬೇಡಿ. ಯಾವ ಅಕ್ಷರದಲ್ಲಿ ನಿಂತ, ನಾಳೆಯಿಂದ ಅವನಿಗೆ ಏನು ಓದಿಸುತ್ತೀರಿ, ಮತ್ತೆ ಯಾವಾಗ ನೋಡುತ್ತೀರಿ ಎಂದು ಕೇಳಿ.