ಎಷ್ಟು ಸೆಂಟು ಮಳೆ? ಗೋಡೆಯ ಮುಳ್ಳು ಹೇಳಲಿ

ಫೆಬ್ರವರಿ ಕಳೆಯುತ್ತಿದ್ದಂತೆ ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಾತೆಲ್ಲ ಒಂದೇ ಕಡೆ ತಿರುಗುತ್ತದೆ: ಮಳೆ ಬಂತಾ, ಎಷ್ಟು ಸೆಂಟು? ನೂರು ಸೆಂಟಿಗೆ ಒಂದು ಇಂಚು. ರೊಬಸ್ಟಾ ಹೂ ಒಟ್ಟಿಗೆ, ಚೆನ್ನಾಗಿ ಅರಳಬೇಕಾದರೆ ಹೂಮಳೆ ಇಂಚಿನ ಆಸುಪಾಸು ಬೀಳಬೇಕು. ನಲವತ್ತು ಸೆಂಟಿಗೆ ನಿಂತುಹೋದರೆ ಉಳಿದದ್ದನ್ನು ಸ್ಪ್ರಿಂಕ್ಲರ್ ಹಾಕಿ ತುಂಬಿಸಬೇಕು, ಅದೂ ತಡಮಾಡದೆ. ಗೋಣಿಕೊಪ್ಪದಲ್ಲಿ ಸುರಿದ ಮಳೆ ಸಿದ್ದಾಪುರದಲ್ಲಿ ಸುರಿಯಬೇಕೆಂದಿಲ್ಲ. ಒಂದೇ ತೋಟದ ಮೇಲಿನ ಬ್ಲಾಕು ನೆನೆದು ಕೆಳಗಿನದು ಒಣಗಿಯೇ ಇರುವುದೂ ಉಂಟು. ಫೋನಿನ ಹವಾಮಾನ ಆ್ಯಪ್ ಹೇಳುವುದು ಪೇಟೆಯ ಮುನ್ಸೂಚನೆ. ಬೆಳೆಗಾರನಿಗೆ ಬೇಕಾದದ್ದು ತನ್ನ ಕಣದ ಪಕ್ಕ ಬಿದ್ದ ನೀರಿನ ಲೆಕ್ಕ.

ಅಂತರ್ಜಾಲಕ್ಕೆ ಹೊಂದಿಸಿದ ಮನೆಬಳಕೆಯ ವಸ್ತುಗಳ ವಿನ್ಯಾಸ ಶುರುವಾಗಬೇಕಾದದ್ದು ಇಂಥ ಕಡೆಯಿಂದ. ಯಾವ ಸೆನ್ಸರ್ ಕೊಳ್ಳೋಣ ಎಂಬುದು ಆಮೇಲಿನ ಮಾತು. ಮೊದಲು ಮನೆಯವರ ಆಸೆಯನ್ನು ಅವರು ಆಡುವ ಮಾತಿನಲ್ಲೇ ಒಂದು ವಾಕ್ಯವಾಗಿ ಬರೆದುಕೊಳ್ಳಿ. "ಬೆಳಗ್ಗೆ ಕಾಫಿ ಕುಡಿಯುವಾಗ ರಾತ್ರಿ ಎಷ್ಟು ಬಿತ್ತೆಂದು ತಲೆಯೆತ್ತಿದರೆ ಕಾಣಬೇಕು." ಇಷ್ಟಿದ್ದರೆ ಒಂದು ವಸ್ತು ಮಾಡಬಹುದು: ಕಣದಲ್ಲಿ ಮಳೆ ಅಳೆಯುವ ಮಾಪಕ, ಅದರ ಲೆಕ್ಕವನ್ನು ಮನೆಯ ಗೋಡೆಯ ಮೇಲೆ ತೋರಿಸುವ ಒಂದು ಮುಳ್ಳು. ವಾಕ್ಯಕ್ಕೆ "ಜೊತೆಗೆ ತೇವಾಂಶವೂ, ಕಾಳುಮೆಣಸಿನ ಧಾರಣೆಯೂ" ಎಂದು ಬಾಲ ಬೆಳೆಯಿತೋ, ಅದು ವಸ್ತುವಾಗಿ ಉಳಿಯುವುದಿಲ್ಲ, ಇನ್ನೊಂದು ಫೋನಾಗುತ್ತದೆ.

ಈ ಯೋಚನೆಗೆ ವಯಸ್ಸಾಗಿದೆ. ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್ 1991ರಲ್ಲೇ ಕಂಪ್ಯೂಟರ್ ಕಣ್ಣಿಗೆ ಬೀಳದಷ್ಟು ಬದುಕಿನೊಳಗೆ ಬೆರೆಯಬೇಕೆಂದು ಬರೆದರು. ಅದೇ ಪ್ರಯೋಗಾಲಯದಲ್ಲಿ ಕಲಾವಿದೆ ನಟಾಲಿ ಜೆರೆಮಿಜೆಂಕೊ ಎಂಟು ಅಡಿ ಪ್ಲಾಸ್ಟಿಕ್ ದಾರವೊಂದನ್ನು ಚಾವಣಿಯ ಮೋಟಾರಿಗೆ ಕಟ್ಟಿ ಇಳಿಬಿಟ್ಟಿದ್ದರು. ಕಚೇರಿಯ ನೆಟ್‌ವರ್ಕಿನಲ್ಲಿ ಓಡಾಟ ಹೆಚ್ಚಿದಂತೆ ಅದು ಗಿರಗಿರನೆ ತಿರುಗುತ್ತಿತ್ತು. ಯಾರೂ ಅದನ್ನು ಓದಬೇಕಿರಲಿಲ್ಲ, ಓರೆಗಣ್ಣಿಗೆ ಬಿದ್ದರೆ ಸಾಕಿತ್ತು. ನಮ್ಮ ಮಳೆಯ ಮುಳ್ಳಿಗೂ ಅದೇ ಗುಣ ಬೇಕು.

ಅಳತೆಯಿಂದ ಶುರುಮಾಡೋಣ. ಇದಕ್ಕೆ ಟಿಪ್ಪಿಂಗ್ ಬಕೆಟ್ ಮಾಪಕ ಒಗ್ಗುತ್ತದೆ. ಲಾಳಿಕೆಯಿಂದ ಬಂದ ನೀರು ಏತದಂತೆ ತೂಗುವ ಜೋಡಿ ಬಟ್ಟಲಿನ ಒಂದು ಬದಿ ತುಂಬುತ್ತದೆ, ತುಂಬಿದ್ದು ಮಗುಚುತ್ತದೆ, ಪ್ರತಿ ಮಗುಚಿಗೂ ಸಣ್ಣ ಅಯಸ್ಕಾಂತವೊಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಮುಂದೆ ಹಾದು ಒಂದು ಮಿಡಿತ ಕೊಡುತ್ತದೆ. 0.01 ಇಂಚಿನ ಮಾಪಕ ಸಿಕ್ಕರೆ ಒಂದು ಮಗುಚು ಎಂದರೆ ಒಂದು ಸೆಂಟು, ಕೊಡಗಿನ ಲೆಕ್ಕಕ್ಕೇ ಹೊಲಿದ ಹಾಗೆ. ಎಂಟು ಇಂಚು ವ್ಯಾಸದ ಲಾಳಿಕೆಯಾದರೆ ಒಂದು ಇಂಚು ಮಳೆಗೆ 824 ಮಿಲಿಲೀಟರ್ ನೀರು. ಬೇರೆ ಅಳತೆಯ ಲಾಳಿಕೆಗೆ ಅದರ ಬಾಯಿಯ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ತೆಗೆದು 2.54ರಿಂದ ಗುಣಿಸಿ. ಅಷ್ಟು ನೀರನ್ನು ಆಸ್ಪತ್ರೆಯ ಡ್ರಿಪ್ ಸೆಟ್ಟಿನಿಂದ ಒಂದು ಗಂಟೆಯಲ್ಲಿ ಇಳಿಸಿದರೆ ನೂರು ಮಗುಚು ಎಣಿಸಬೇಕು. ತೊಂಬತ್ತೆರಡೇ ಬಂದರೆ ಬಟ್ಟಲು ಹೆಚ್ಚು ನೀರು ಹಿಡಿದು ಮಗುಚುತ್ತಿದೆ ಎಂದರ್ಥ. ಕೆಳಗಿನ ಎರಡೂ ತಡೆ ತಿರುಪುಗಳನ್ನು ಸಮನಾಗಿ ತುಸು ಮೇಲೆತ್ತಿ. ನೀರನ್ನು ಚೊಂಬಿನಿಂದ ಗಬಕ್ಕನೆ ಹೊಯ್ದು ಪರೀಕ್ಷಿಸಬೇಡಿ. ಮಗುಚುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಈ ಮಾಪಕ ಸ್ವಲ್ಪ ಕಡಿಮೆ ತೋರಿಸುವುದೂ ಇದೇ ಕಾರಣಕ್ಕೆ.

ಮಾಪಕ ಇಡುವ ಜಾಗದ ವಿಷಯದಲ್ಲಿ ರಾಜಿ ಬೇಡ. ಪಕ್ಕದ ಮರ ಅಥವಾ ಗೋಡೆ ಮಾಪಕದ ಬಾಯಿಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಾದರೂ ಇರಬೇಕು. ಸಿಲ್ವರ್ ಓಕ್ ಅಥವಾ ಹಾಲುವಾಣದ ಕೆಳಗಿಟ್ಟರೆ ಸಣ್ಣ ಮಳೆ ಎಲೆಯಲ್ಲೇ ನಿಲ್ಲುತ್ತದೆ, ಮಳೆ ಬಿಟ್ಟ ಮೇಲೂ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ತೋಟದಲ್ಲಿ ತೆರವಿರುವ ಜಾಗವೆಂದರೆ ಹೆಚ್ಚಾಗಿ ಕಣವೇ. ಕಾಫಿ ಹರಡುವವರ ಕಾಲಿಗೆ ಸಿಗದಂತೆ ಅದರ ಅಂಚಿನಲ್ಲಿ ಕಂಬ ನೆಡಿ.

ಕಣದಿಂದ ಮನೆಗೆ ತಂತಿ ಎಳೆಯುವ ಆಸೆ ಸಹಜ. ಎಳೆಯಬೇಡಿ. ಏಪ್ರಿಲ್–ಮೇ ಗುಡುಗಿನಲ್ಲಿ ಉದ್ದದ ತಂತಿ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತರುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಬಳಸಿ; ಭಾರತದಲ್ಲಿ ಅದಕ್ಕೆ ಪರವಾನಗಿ ಬೇಡದ ತರಂಗ 865ರಿಂದ 868 ಮೆಗಾಹರ್ಟ್ಸ್. ಅಂಗಡಿಯವರು 915 ಎಂದು ಬರೆದ ರೇಡಿಯೊ ಬೋರ್ಡ್ ಕೊಟ್ಟರೆ ಹಿಂದಿರುಗಿಸಿ. ಆಂಟೆನಾ ಸಿಕ್ಕಿಸದೆ ಒಮ್ಮೆಯೂ ಚಾಲೂ ಮಾಡಬೇಡಿ, ಪ್ರಸಾರದ ಭಾಗ ಸುಟ್ಟುಹೋಗಬಹುದು. ನಡುವೆ ಗುಡ್ಡದ ಏಣು ಅಡ್ಡ ಬಂದರೆ ಲೋರಾಕ್ಕೂ ಕಷ್ಟ, ನೆನೆದ ಎಲೆಗಳೂ ಸಂಕೇತ ತಿನ್ನುತ್ತವೆ. ಪರೀಕ್ಷೆಯನ್ನು ಬೇಸಿಗೆಯ ಒಣ ದಿನದಲ್ಲಿ ಮುಗಿಸಿ ಸಮಾಧಾನಪಡಬೇಡಿ.

ಬ್ಯಾಟರಿಯ ಲೆಕ್ಕ ಕಾಗದದ ಮೇಲೇ ಮಾಡಿ. ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರಲಾಗದು, ದಿನಗಟ್ಟಲೆ ಬಿಸಿಲೇ ಇರುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಸಂದೇಶ ಎಂದರೆ ದಿನಕ್ಕೆ 96. ಪ್ರತಿ ಸಲ ಒಂದು ಸೆಕೆಂಡು 100 ಮಿಲಿಆಂಪಿಯರ್ ಎಂದು ಹಿಡಿದರೂ ದಿನಕ್ಕೆ ಮೂರು ಮಿಲಿಆಂಪಿಯರ್-ಗಂಟೆ ದಾಟದು. 2600 ಮಿಲಿಆಂಪಿಯರ್-ಗಂಟೆಯ ಒಂದು 18650 ಲಿಥಿಯಂ ಸೆಲ್‌ನಲ್ಲಿ ನಂಬಬಹುದಾದ 1800 ಕೈಗೆ ಸಿಕ್ಕರೆ ಇಡೀ ಮಳೆಗಾಲ ಸುಲಭವಾಗಿ ದಾಟುತ್ತದೆ. ಹಾಗಿದ್ದೂ ವಾರಕ್ಕೇ ಸೆಲ್ ಬರಿದಾಗುವುದೇಕೆ? ಕಲಿಕೆಗೆ ಮಾಡಿದ ಬೋರ್ಡುಗಳಲ್ಲಿ ಸದಾ ಉರಿಯುವ ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್, ಅಗ್ಗದ ರೆಗ್ಯುಲೇಟರ್ ಸೇರಿ 10 ಮಿಲಿಆಂಪಿಯರ್ ಕುಡಿಯುತ್ತಲೇ ಇರುತ್ತವೆ. ಅದು ದಿನಕ್ಕೆ 240. ಬೋರ್ಡ್ ನಿದ್ದೆಯಲ್ಲಿರುವಾಗ ಮಲ್ಟಿಮೀಟರಿನಲ್ಲಿ ವಿದ್ಯುತ್ ಅಳೆದು ನೋಡದೆ ಕಂಬಕ್ಕೆ ಏರಿಸಬಾರದು. ಇನ್ನೊಂದು ಕಳ್ಳ ಸೋರಿಕೆಯಿದೆ: ಬಟ್ಟಲು ನಡುಮಟ್ಟದಲ್ಲಿ ಸಿಕ್ಕಿಕೊಂಡರೆ ಸ್ವಿಚ್ ಮುಚ್ಚಿಯೇ ಇದ್ದು ಬೋರ್ಡನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಎದ್ದಾಗ ಸ್ವಿಚ್ ಇನ್ನೂ ಮುಚ್ಚಿದ್ದರೆ ಆ ಪಿನ್ನನ್ನು ಕಡೆಗಣಿಸಿ ಸಮಯದ ಮೇಲೆ ಮಲಗುವಂತೆ ಪ್ರೋಗ್ರಾಂ ಬರೆಯಿರಿ.

ಪೆಟ್ಟಿಗೆಯನ್ನು ಪೂರ್ತಿ ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಬೆವರುತ್ತದೆ. ಹಗಲು ಕಾದು ರಾತ್ರಿ ತಣಿಯುವಾಗ ರಬ್ಬರಿನ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ತಳದಲ್ಲಿ ಜಾಲರಿ ಹಾಕಿದ ಸಣ್ಣ ತೂತಿರಲಿ, ತಂತಿಗಳು ಕೆಳಗಿನಿಂದಲೇ ಒಳಹೋಗಲಿ, ಬೋರ್ಡಿಗೆ ಅಕ್ರಿಲಿಕ್ ಲೇಪ ಹೊಡೆಯಿರಿ.

ಇನ್ನು ಮನೆಯೊಳಗಿನ ಭಾಗ. ಇಲ್ಲಿ ಪರದೆ ಬೇಡ, ಗಡಿಯಾರದಂಥ ಮುಖ, ಒಂದು ಮುಳ್ಳು ಸಾಕು. ಆಟಿಕೆಯ ಸರ್ವೊ ಮೋಟಾರ್ ಅಗ್ಗವೇನೋ ಹೌದು, ಆದರೆ ರಾತ್ರಿ ನಿಶ್ಶಬ್ದದಲ್ಲಿ ಗುಂಯ್‌ಗುಡುತ್ತದೆ, ಮುಳ್ಳು ನಡುಗುತ್ತದೆ. ಕಾರಿನ ಮೀಟರುಗಳಲ್ಲಿ ಬಳಸುವ ಎಕ್ಸ್27 ಸ್ಟೆಪರ್ ಮೋಟಾರ್ ಒಳ್ಳೆಯದು. 315 ಡಿಗ್ರಿ ತಿರುಗುತ್ತದೆ, ವಿದ್ಯುತ್ತೂ ಕಡಿಮೆ.

ಮುಖದ ಗೆರೆಗಳನ್ನು ಸಮನಾಗಿ ಹಂಚುವುದು ಎಂಜಿನಿಯರಿನ ಅಭ್ಯಾಸ. ಬೆಳೆಗಾರನ ಆಸೆ ಸಮನಾಗಿಲ್ಲ. ಮಾರ್ಚಿನಲ್ಲಿ ಅರವತ್ತು ಸೆಂಟಿಗೂ ತೊಂಬತ್ತಕ್ಕೂ ನಡುವೆ ಪಂಪು ಹಚ್ಚುವುದೋ ಬಿಡುವುದೋ ಎಂಬ ನಿರ್ಧಾರವೇ ಇದೆ. ಜುಲೈಯಲ್ಲಿ ಆರು ಇಂಚೋ ಏಳೋ ಎಂಬುದರಿಂದ ಪಂಪಿನ ಮಟ್ಟಿಗೆ ಏನೂ ಬದಲಾಗದು. ಆದ್ದರಿಂದ ಮೊದಲ ನೂರು ಸೆಂಟಿಗೆ 150 ಡಿಗ್ರಿ ಕೊಡಿ. ಒಂದರಿಂದ ಹತ್ತು ಇಂಚಿನವರೆಗೆ ಎಲ್ಲ ಸೇರಿ 140 ಡಿಗ್ರಿ ಸಾಕು.

ಎಡತುದಿಯಲ್ಲಿ ಉಳಿದ 25 ಡಿಗ್ರಿಯೇ ಈ ವಸ್ತುವಿನ ಜೀವ. ಅಲ್ಲಿ, ಸೊನ್ನೆಗಿಂತ ಹಿಂದೆ, ಬೂದು ಬಣ್ಣ ಬಳಿದು "ಸುದ್ದಿ ಇಲ್ಲ" ಎಂದು ಬರೆಯಿರಿ. ಕೊಡಗಿನಲ್ಲಿ ಕರೆಂಟು, ನೆಟ್‌ವರ್ಕ್ ಹೋಗುವುದೇ ಮಳೆ ಗಾಳಿ ಬಂದಾಗ. ಸಂದೇಶ ಬಾರದಿದ್ದಾಗ ಸೊನ್ನೆ ತೋರಿಸುವ ವಸ್ತು ಮಳೆ ಬಂದಿಲ್ಲವೆಂದು ಸುಳ್ಳು ಹೇಳುತ್ತಿದೆ. ಅದನ್ನು ನಂಬಿ ಡೀಸೆಲ್ ಪಂಪು ಓಡಿಸಿದವನ ನಷ್ಟ ನಿಜವಾದದ್ದು. ಹೀಗಾಗಿ ಮಳೆ ಇಲ್ಲದಿದ್ದರೂ ಮಾಪಕ ಹದಿನೈದು ನಿಮಿಷಕ್ಕೊಮ್ಮೆ "ಇದ್ದೇನೆ" ಎನ್ನಲೇಬೇಕು. ಮೂರು ಸಲ ತಪ್ಪಿದರೆ ಮುಳ್ಳು ಬೂದು ಜಾಗಕ್ಕೆ ಸರಿಯಲಿ. ಈ ಮೋಟಾರಿಗೆ ತಾನೆಲ್ಲಿದ್ದೇನೆ ಎಂಬ ನೆನಪಿಲ್ಲ. ಚಾಲೂ ಆದಾಗೆಲ್ಲ ಎಡತುದಿಗೆ ಓಡಿಸಿ ಅಲ್ಲಿಂದ ಎಣಿಸಬೇಕು, ಆ ತುದಿಯೇ "ಸುದ್ದಿ ಇಲ್ಲ" ಆಗಿರುವುದು ಅನುಕೂಲ. ಆದರೆ ಕರೆಂಟು ಹೋದಾಗ ಮುಳ್ಳು ಇದ್ದಲ್ಲೇ ನಿಂತು ನಿನ್ನೆಯ ಮಳೆಯನ್ನು ಇಂದಿನದೆಂದು ತೋರಿಸುತ್ತದೆ. ಹಿಂಬದಿಯಲ್ಲಿ ಒಂದು ಸೆಲ್ ಇಡಿ. ಅದೂ ಮುಗಿಯುವ ಹೊತ್ತಿಗೆ ಕೊನೆಯ ಕೆಲಸವಾಗಿ ಮುಳ್ಳನ್ನು ಎಡಕ್ಕೆ ತಂದು ನಿಲ್ಲಿಸಲಿ.

ಮಾಪಕ ಕಳಿಸಬೇಕಾದದ್ದು ಕಳೆದ ಹದಿನೈದು ನಿಮಿಷದ ಮಳೆಯನ್ನಲ್ಲ, ಇದುವರೆಗಿನ ಒಟ್ಟು ಮಗುಚುಗಳನ್ನು. ಆಗ ನಡುವೆ ನಾಲ್ಕು ಸಂದೇಶ ಕಳೆದುಹೋದರೂ ಐದನೆಯದರಲ್ಲಿ ಲೆಕ್ಕ ಕೂಡಿಬರುತ್ತದೆ. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ಮುಳ್ಳಿನ ದಿನವೂ ಅಲ್ಲಿಗೇ ಮುಗಿಯಲಿ. ಆದರೆ ತಾನಾಗಿ ಸೊನ್ನೆಗೆ ಹೋಗಬಾರದು. ಪಕ್ಕದಲ್ಲೊಂದು ಗುಂಡಿಯಿರಲಿ, ಮಳೆ ಪುಸ್ತಕದಲ್ಲಿ ಬರೆದಾದ ಮೇಲೆ ಮನೆಯ ಹಿರಿಯರು ಅದನ್ನು ಒತ್ತಲಿ. ದಶಕಗಳಿಂದ ಬರೆದಿಟ್ಟ ಆ ಪುಸ್ತಕಗಳು ಅಮೂಲ್ಯ. ಬರೆಯುವ ಕೈಯನ್ನು ನಿಲ್ಲಿಸುವ ವಸ್ತು ಬೇಡ.

ಮುಳ್ಳನ್ನು ತೂಗುಹಾಕುವ ಜಾಗ ಕೈಯಾಲೆ, ಅಂದರೆ ಮನೆಯ ಮುಂದಿನ ಜಗಲಿ; ಕ್ಯಾಲೆಂಡರಿನ ಪಕ್ಕ, ಕೂತು ಕಾಫಿ ಕುಡಿಯುವವರ ಕಣ್ಣ ಮಟ್ಟದಲ್ಲಿ. ಕೊಡವರ ಹಿರಿಯರ ಮನೆಯಾದ ಐನ್‌ಮನೆಯಾದರೆ ನಡುಮನೆಯಾದ ನೆಲ್ಲಕ್ಕಿಯಲ್ಲಿ ಬೇಡ. ಹಿರಿಯರ ದೀಪ ಉರಿಯುವ ಕಡೆ ಇನ್ನೊಂದು ಬೆಳಕು ಮಿನುಗಬಾರದು.

ಬೆಂಗಳೂರಿನಲ್ಲಿರುವ ಮಗಳಿಗೂ ಊರಿನ ಮಳೆಯ ಸುದ್ದಿ ಬೇಕು. ಅವಳ ಮೇಜಿನ ಮೇಲೆ ಇನ್ನೊಂದು ಮುಳ್ಳು ಇಟ್ಟುಬಿಡುವುದು ಸುಲಭ, ಆದರೆ ಅದು ತಪ್ಪು. ಅವಳ ಆಸೆಯ ಅರ್ಧ ಮಳೆಯ ಲೆಕ್ಕ, ಇನ್ನರ್ಧ ಅಪ್ಪನ ದನಿ. "ಎಷ್ಟಾಯಿತಪ್ಪಾ?" ಎಂದು ಕೇಳಲು ಕಾರಣವನ್ನೇ ಕಿತ್ತುಕೊಂಡರೆ ವಸ್ತು ಇಬ್ಬರನ್ನೂ ದೂರಮಾಡಿದಂತೆ. ಅಲ್ಲಿಗೆ ಅಂಕಿಯಿಲ್ಲದ ಪುಟ್ಟ ದೀಪ ಸಾಕು: ಅರ್ಧ ಗಂಟೆಯಲ್ಲಿ ಮೂರು ಮಗುಚಾದರೆ ಮೆಲ್ಲಗೆ ಬೆಳಗಲಿ. ಒಂದೇ ಮಗುಚಿಗೆ ಬೆಳಗಿಸಬೇಡಿ, ಗಾಳಿಗೆ ಕಂಬ ಅಲ್ಲಾಡಿದರೂ ಒಂದು ಬೀಳುತ್ತದೆ. ಎಷ್ಟು ಸೆಂಟೆಂದು ಅಪ್ಪನೇ ಹೇಳಲಿ.

ಈ ದೀಪಕ್ಕೆ ಸುದ್ದಿ ಮುಟ್ಟಿಸಲು ಎಂಕ್ಯುಟಿಟಿ ಸಾಕು; ವಸ್ತುಗಳು ಸರ್ವರೊಂದರ ಮೂಲಕ ಸಣ್ಣ ಸಂದೇಶ ಹಂಚಿಕೊಳ್ಳುವ ಪದ್ಧತಿ ಇದು. ಅದರಲ್ಲಿರುವ ಕೊನೆಯ ಉಯಿಲಿನ (ಲಾಸ್ಟ್ ವಿಲ್) ಸೌಲಭ್ಯ ಬಳಸಿ. ಮನೆಯ ಸಂಪರ್ಕ ಕಡಿದುಹೋದರೆ ಸರ್ವರೇ ಆ ಸುದ್ದಿಯನ್ನು ದೀಪಕ್ಕೆ ತಿಳಿಸುತ್ತದೆ. ಜೀವಂತಿಕೆಯ ಅವಧಿ (ಕೀಪ್ ಅಲೈವ್) 60 ಸೆಕೆಂಡು ಇಟ್ಟರೆ ಒಂದೂವರೆ ನಿಮಿಷದೊಳಗೆ ಸುದ್ದಿ ಮುಟ್ಟುತ್ತದೆ. ಆಗ ಬಣ್ಣ ಬದಲಿಸುವುದಕ್ಕಿಂತ ದೀಪ ಪೂರ್ತಿ ಆರಿ ತಳದ ಒಂದು ಚುಕ್ಕೆ ಮಾತ್ರ ಉಳಿಯಲಿ; ಕೆಂಪು ಹಸಿರಿನ ಭೇದ ಕಾಣದವರೂ ಇದ್ದಾರೆ. ಸರ್ವರ್ ಹಿಡಿದಿಟ್ಟುಕೊಳ್ಳುವ ಕೊನೆಯ ಸಂದೇಶದ ಬಗ್ಗೆ ಎಚ್ಚರ: ದೀಪವನ್ನು ಹೊಸದಾಗಿ ಹಚ್ಚಿದಾಗ ಅದು ಮೊನ್ನೆಯ ಮಳೆಯನ್ನೂ ಈಗಷ್ಟೇ ಬಂದಂತೆ ಕೊಡುತ್ತದೆ. ಪ್ರತಿ ಸಂದೇಶದಲ್ಲೂ ಸಮಯ ಸೇರಿಸಿ, ಹಳತಾದದ್ದನ್ನು ದೀಪವೇ ಬಿಟ್ಟುಬಿಡಲಿ. ಊರ ಮನೆಯ ರೂಟರಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಸಣ್ಣ ಯುಪಿಎಸ್ ಬೇಕು, ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಹಳೆಯ ಗಾಜಿನ ಮಳೆಮಾಪಕವನ್ನು ಪಕ್ಕದಲ್ಲೇ ಉಳಿಸಿಕೊಂಡು ವಾರಕ್ಕೊಮ್ಮೆ ಹೋಲಿಸಿ ನೋಡಿ. ಈ ವ್ಯವಸ್ಥೆ ಕೈಕೊಡುವುದು ಹೆಚ್ಚಾಗಿ ಹೂಮಳೆಯ ದಿನವೇ, ಏಕೆಂದರೆ ಅದಕ್ಕೆ ಮೊದಲು ತಿಂಗಳುಗಟ್ಟಲೆ ಮಾಪಕ ಒಣಗಿ ನಿಂತಿರುತ್ತದೆ. ಲಾಳಿಕೆಯಲ್ಲಿ ಸಿಲ್ವರ್ ಓಕಿನ ಎಲೆ, ಬಟ್ಟಲಿನಲ್ಲಿ ಇರುವೆ ಗೂಡು, ಕೀಲಿನಲ್ಲಿ ಜೇಡರ ಬಲೆ. ಮೇಲೆ ಇಂಚು ಮಳೆ ಸುರಿದರೂ ಕೆಳಗೆ ಒಂದೂ ಮಗುಚಿಲ್ಲ, ರೇಡಿಯೊ ಮಾತ್ರ ನಿಯತ್ತಾಗಿ "ಇದ್ದೇನೆ, ಸೊನ್ನೆ" ಎನ್ನುತ್ತಿರುತ್ತದೆ. ಈ ಸುಳ್ಳನ್ನು ಬೂದು ಜಾಗವೂ ಹಿಡಿಯಲಾರದು. ಜನವರಿ ಕೊನೆಯ ವಾರ ಲಾಳಿಕೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬಟ್ಟಲೂ ಕೀಲೂ ಉಜ್ಜಿ, ಎಣ್ಣೆ ಹಾಕದೆ ಒಣಗಿಸಿ, ಡ್ರಿಪ್ ಸೆಟ್ಟಿನಲ್ಲಿ 824 ಮಿಲಿಲೀಟರ್ ಇಳಿಸಿ ಮುಳ್ಳು ಒಂದು ಇಂಚಿಗೆ ಬಂತೇ ಎಂದು ನೋಡಿದ ಮೇಲೆ ಜಾಲರಿ ಮುಚ್ಚಿ.