ಕರಾವಳಿಯ ಗುಲಾಬಿಗೆ ಏಳು ಗಂಟೆಯ ಲೆಕ್ಕ

ಜೂನ್ ಮೊದಲ ವಾರದಲ್ಲಿ ಅಂಗಳದ ಗುಲಾಬಿಯಲ್ಲಿ ಎಲೆ ತುಂಬಿರುತ್ತದೆ. ಆಗಸ್ಟ್ ನಡುವಿಗೆ ಆಟಿ ತಿಂಗಳು ಮುಗಿಯುವಾಗ ಉಳಿಯುವುದು ಬರೀ ಕಡ್ಡಿ. ಮಂಗಳೂರು, ಉಡುಪಿ ಕಡೆ ಗುಲಾಬಿ ನೆಟ್ಟವರಿಗೆ ಇದು ಹೊಸದಲ್ಲ. "ಅದು ಘಟ್ಟದ ಮೇಲಿನ ಗಿಡ, ನಮ್ಮಲ್ಲಿ ಆಗ್ಲಿಕ್ಕಿಲ್ಲ" ಅಂತ ಕೈಬಿಡುವವರೇ ಜಾಸ್ತಿ. ಕೈಗುಣ ಸರಿಯಿಲ್ಲ ಅನ್ನುವವರೂ ಇದ್ದಾರೆ. ಉಡುಪಿಯ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಹೀಗೇ ಗಿಡ ಹೋಯಿತು. ಮೂರನೇ ವರ್ಷ ನಾನು ಉದುರಿದ ಎಲೆಗಳನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದೆ.

ಎಲೆಯ ಮೇಲೆ ಕಪ್ಪು ಚುಕ್ಕೆ ಇತ್ತು. ಅದರ ಅಂಚು ದುಂಡಗಿರಲಿಲ್ಲ. ಒದ್ದೆ ಕಾಗದದ ಮೇಲೆ ಶಾಯಿ ಬಿದ್ದರೆ ಹೇಗೆ ಎಳೆ ಎಳೆಯಾಗಿ ಹರಡುತ್ತದೋ ಹಾಗಿತ್ತು. ಸುತ್ತ ಹಳದಿ. ಗಿಡದಲ್ಲಿ ಉಳಿದ ಅಂಥದೇ ಎಲೆಯನ್ನು ಬೆರಳಿನಿಂದ ಸುಮ್ನೆ ಮುಟ್ಟಿದರೆ ಸಾಕು, ಕಳಚಿ ಬೀಳುತ್ತಿತ್ತು. ಇದು ಡಿಪ್ಲೊಕಾರ್ಪನ್ ರೋಸೇ ಎಂಬ ಶಿಲೀಂಧ್ರದ ಕೆಲಸ. ಎಲೆ ಉದುರಿಸುವುದು ಮಾತ್ರ ಗಿಡವೇ. ರೋಗ ತಗಲಿದ ಎಲೆಯಲ್ಲಿ ಎಥಿಲೀನ್ ಎಂಬ ಅನಿಲ ಹೆಚ್ಚುತ್ತದೆ. ಬಾಳೆಗೊನೆಯನ್ನು ಹಣ್ಣು ಮಾಡುವುದೂ ಇದೇ ಅನಿಲ. ಅದು ಹೆಚ್ಚಾದಾಗ ಎಲೆ ಹಳದಿಯಾಗಿ ತೊಟ್ಟು ಸಡಿಲವಾಗುತ್ತದೆ.

ಈ ಶಿಲೀಂಧ್ರದ ಬೀಜಕ ಎಲೆಯೊಳಗೆ ಇಳಿಯಬೇಕಾದರೆ ಎಲೆಯ ಮೇಲೆ ನೀರು ಸುಮಾರು 7 ಗಂಟೆ ಬಿಡದೆ ನಿಂತಿರಬೇಕು. ಅದಕ್ಕಿಂತ ಮೊದಲೇ ಎಲೆ ಒಣಗಿದರೆ ರೋಗ ಹತ್ತುವುದು ಕಷ್ಟ. 24 ಡಿಗ್ರಿಯ ಆಸುಪಾಸಿನ ಹವೆ ಇದಕ್ಕೆ ಬಹಳ ಹಿತ. ನಮ್ಮ ಮಳೆಗಾಲದ ರಾತ್ರಿಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಎಷ್ಟು ಮಳೆ ಬಂತು ಎನ್ನುವುದಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎನ್ನುವುದೇ ಇಲ್ಲಿ ಮುಖ್ಯ. ಒಂದು ಗಂಟೆ ಧೋ ಎಂದು ಸುರಿದು ಬಿಸಿಲು ಬಂದ ದಿನಕ್ಕಿಂತ ಇಡೀ ದಿನ ಜಿಟಿಜಿಟಿ ಹಿಡಿದ ದಿನ ಗುಲಾಬಿಗೆ ಕೆಟ್ಟದ್ದು.

ಇಷ್ಟು ಗೊತ್ತಾದ ಮೇಲೆ ನಾನು ಎಲ್ಲವನ್ನೂ ಆ ಏಳು ಗಂಟೆಯ ಲೆಕ್ಕದಲ್ಲೇ ನೋಡತೊಡಗಿದೆ. ಗಿಡ ಎಲ್ಲಿರಬೇಕು? ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿಯಲ್ಲಿ, ರಾತ್ರಿಯ ಒದ್ದೆ ಬೇಗ ಆರಲಿ ಅಂತ. ದಿನಕ್ಕೆ 6 ಗಂಟೆ ಬಿಸಿಲು ಬೇಕು. ತೆಂಗಿನ ಬುಡದಲ್ಲಿ ಬೇಡ, ಮಳೆ ನಿಂತ ಮೇಲೂ ಗರಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ನೀರು ಹಾಕುವುದು ಬೆಳಿಗ್ಗೆ, ಬುಡಕ್ಕೆ ಮಾತ್ರ. ಚಟ್ಟಿಯಲ್ಲಿರುವ ಗಿಡವಾದರೆ ಕೆಲಸ ಇನ್ನೂ ಸುಲಭ. ಜೂನ್ ಬಂತೆಂದರೆ ಬೆಳಕು ಬೀಳುವ ಮಾಡಿನ ಅಂಚಿಗೆ, ಮಳೆ ತಾಗದ ಹಾಗೆ ಸರಿಸಿ ಇಡಿ. ನಮ್ಮಲ್ಲಿ ಹಾಗೆ ಇಟ್ಟ ಎರಡು ಚಟ್ಟಿಗಳ ಗಿಡಕ್ಕೆ ಮಳೆಗಾಲ ಪೂರ್ತಿ ಎಲೆ ಇತ್ತು. ನೆಲದಲ್ಲಿದ್ದ ಗಿಡ ಬೋಳಾಗಿತ್ತು. ಎರಡಕ್ಕೂ ಹಾಕಿದ ಗೊಬ್ಬರ ಒಂದೇ.

ಇನ್ನು ಬೇರಿನ ವಿಷಯ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ನೀರು ಚೆನ್ನಾಗಿ ಇಂಗುವ ಮಣ್ಣು ಅಂತ ನಾವು ತಿಳಿದಿರುತ್ತೇವೆ, ಅಲ್ವಾ? ಆದರೆ ಗಟ್ಟಿ ಮುರದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಮೆತ್ತನೆಯ ಮಣ್ಣು ತುಂಬಿದರೆ ಆ ಗುಂಡಿಯೇ ತೊಟ್ಟಿಯಾಗುತ್ತದೆ. ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ. ಬೇರೂ ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಸಾಗುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಸಾಗುತ್ತದೆ. ಹಾಗಾಗಿ ನೀರು ನಿಂತ ಬುಡದಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ತರಕಾರಿಗೆ ಏರಿ ಮಾಡುವ ಹಾಗೆ ನೆಲದಿಂದ ಒಂದು ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡುವುದೇ ಒಳ್ಳೆಯದು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಕಾಣುತ್ತಿರಬೇಕು. ಗಂಟಿನ ಕೆಳಗಿನಿಂದ ಬರುವ ಚಿಗುರು ನಿಮ್ಮ ಗುಲಾಬಿಯದ್ದಲ್ಲ, ಬೇರು ಕೊಟ್ಟ ಕಾಡು ಜಾತಿಯದ್ದು. ಅದು ಎಷ್ಟೇ ಚೆಂದ ಕಂಡರೂ ಬುಡದಿಂದಲೇ ಕಿತ್ತುಬಿಡಿ. ಬಿಟ್ಟರೆ ಅದೇ ಬೆಳೆದು ಕಸಿಯನ್ನು ಸಾಯಿಸುತ್ತದೆ.

ನಮ್ಮ ಮಳೆ ಮಣ್ಣಿನಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಉಳಿಯುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸಿಗದ ಹಾಗೆ ಮಾಡುತ್ತವೆ. ಗುಲಾಬಿಗೆ ಬೇಕಾದದ್ದು ತುಸುವೇ ಹುಳಿಯಾದ, ಪಿಹೆಚ್ 6ರಿಂದ 6.5ರ ಮಣ್ಣು. ಇದಕ್ಕೆ ನಮ್ಮ ಹಿರಿಯರ ಸುಡುಮಣ್ಣು ಬಹಳ ಚೆನ್ನಾಗಿ ಒದಗುತ್ತದೆ. ತರಗೆಲೆ, ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಸುಡುವುದು. ಬೂದಿಯಿಂದ ಪೊಟ್ಯಾಷ್ ಮತ್ತು ಸುಣ್ಣ ಸಿಗುತ್ತದೆ, ಮಣ್ಣಿನ ಹುಳಿ ಇಳಿಯುತ್ತದೆ. ಮಲ್ಲಿಗೆಗೆ ಹಾಕುವ ನೆಲಗಡಲೆ ಹಿಂಡಿ, ಸೆಗಣಿಯ ನೀರು ಗುಲಾಬಿಗೂ ಆಗುತ್ತದೆ. ಆದರೆ ಜೋರು ಮಳೆಯಲ್ಲಿ ಹಾಕಿದ ಗೊಬ್ಬರ ಚರಂಡಿಗೆ ಹೋಗುತ್ತದೆ, ಮಳೆ ಬಿಡುವವರೆಗೆ ಕಾಯಿರಿ.

ಕತ್ತರಿ ಹಿಡಿಯಲು ದೀಪಾವಳಿಯ ಹೊತ್ತು ಸರಿ, ಹಿಂಗಾರಿನ ಸಂಜೆಯ ಗುಡುಗು ಮಳೆ ಕಮ್ಮಿಯಾದ ಮೇಲೆ. ಗಿಡ ಕತ್ತರಿಸಲು ಬಹಳ ಜನರಿಗೆ ಮನಸ್ಸು ಬರುವುದಿಲ್ಲ. ಅಂಥವರಿಗೆ ಗುಲಾಬಿಯ ಒಂದು ಗುಟ್ಟು ಹೇಳಬೇಕು. ಹಳೆಯ ಕಾಡು ಗುಲಾಬಿಗಳು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತವೆ. ಹೂ ಬಿಡುವುದನ್ನು ತಡೆಯುವ ಒಂದು ಜೀನ್ ಅವುಗಳಲ್ಲಿದೆ. ಚೀನಾದ ಗುಲಾಬಿಯಲ್ಲಿ ಈ ಜೀನ್‌ನ ನಡುವೆ ಬೇರೊಂದು ಡಿಎನ್ಎ ತುಂಡು ಬಂದು ಸೇರಿ ಅದನ್ನು ಕೆಡಿಸಿಬಿಟ್ಟಿದೆ. 2012ರ ಒಂದು ಅಧ್ಯಯನ ಇದನ್ನು ತೋರಿಸಿತು. ಇಂದಿನ ವರ್ಷವಿಡೀ ಹೂ ಬಿಡುವ ಗುಲಾಬಿಗಳಿಗೆ ಈ ಗುಣ ಬಂದದ್ದು ಅಲ್ಲಿಂದಲೇ. ತಡೆಯುವವರು ಯಾರೂ ಇಲ್ಲದ ಕಾರಣ ಅವುಗಳ ಹೊಸ ಚಿಗುರು ಬೆಳೆದು ಹೂವಿನಲ್ಲೇ ಮುಗಿಯುತ್ತದೆ. ಅಂದರೆ ಚಿಗುರು ಹೆಚ್ಚಾದಷ್ಟು ಹೂವು ಹೆಚ್ಚು. ಗೆಲ್ಲಿನ ತುದಿ ಆಕ್ಸಿನ್ ಎಂಬ ಹಾರ್ಮೋನು ಕಳಿಸಿ ಕೆಳಗಿನ ಕಣ್ಣುಗಳನ್ನು, ಅಂದರೆ ಹೊಸ ಚಿಗುರು ಹೊರಡುವ ಜಾಗಗಳನ್ನು, ಮಲಗಿಸಿರುತ್ತದೆ. ತುದಿ ತೆಗೆದರೆ ಅವು ಏಳುತ್ತವೆ.

ಎಲ್ಲಿ ಕತ್ತರಿಸುವುದು? ಹೊರಕ್ಕೆ ಮುಖ ಮಾಡಿದ ಕಣ್ಣಿನಿಂದ ಕಾಲಿಂಚು ಮೇಲೆ, ಓರೆಯಾಗಿ. ಒಳಮುಖದ ಚಿಗುರು ಬೆಳೆದರೆ ಗಿಡದ ನಡುವೆ ಗಾಳಿಯಾಡದು, ಎಲೆ ಬೇಗ ಒಣಗದು. ಮತ್ತೆ ಅದೇ ಏಳು ಗಂಟೆ. ನಮ್ಮ ಕಡೆ ಕತ್ತರಿಸಿದ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಗೆಲ್ಲು ಒಣಗುವುದು ಸಾಮಾನ್ಯ. ಅಡಿಕೆ ತೋಟ ಇದ್ದವರ ಮನೆಯಲ್ಲಿ ಕೊಳೆರೋಗದ ಮದ್ದಿಗೆ ತಂದ ಮೈಲುತುತ್ತು ಇದ್ದೇ ಇರುತ್ತದೆ. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣವನ್ನು ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕರಗಿಸಿ, ಆಮೇಲೆ ಸೇರಿಸಿದರೆ ಬೋರ್ಡೋ ಪೇಸ್ಟ್. ಬ್ರಷ್‌ನಿಂದ ಗಾಯಕ್ಕೆ ಹಚ್ಚಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಕತ್ತರಿಸಿದ ಗೆಲ್ಲು, ಬುಡದಲ್ಲಿ ಬಿದ್ದ ಚುಕ್ಕೆಯ ಎಲೆ, ಒಂದನ್ನೂ ಗಿಡದ ಕೆಳಗೆ ಬಿಡಬೇಡಿ. ಶಿಲೀಂಧ್ರ ಅದರಲ್ಲೇ ಉಳಿದು, ಮುಂದಿನ ಮಳೆಯ ಹನಿ ನೆಲಕ್ಕೆ ಬಡಿದಾಗ ಸಿಡಿದು ಮೇಲೆ ಬರುತ್ತದೆ. ನಾನು ಅವನ್ನೆಲ್ಲ ಆರಿಸಿ ಸುಡುಮಣ್ಣಿನ ರಾಶಿಯ ನಡುವೆ ಹಾಕುತ್ತೇನೆ. ಎರಡು ದಿನ ಹೊಗೆಯಾಡಿ ಆರಿದ ಮೇಲೆ ಆ ಮಣ್ಣನ್ನೇ ಅದೇ ಗಿಡದ ಬುಡಕ್ಕೆ ಎಳೆಯುತ್ತೇನೆ. ಒಂದೂವರೆ ತಿಂಗಳಿಗೆ, ಕ್ರಿಸ್ಮಸ್ ಹತ್ತಿರ ಬರುವಾಗ, ಕೆಂಪು ಚಿಗುರಿನ ತುದಿಯಲ್ಲಿ ಮೊದಲ ಮೊಗ್ಗು ಬಾಯಿ ಬಿಟ್ಟಿರುತ್ತದೆ.