ಪ್ಯಾಕೆಟ್ ತಿರುಗಿಸಿ ನೋಡಿ

ಕಿಡ್ನಿ ತೊಂದರೆ ಇರುವವರಿಗೆ ಊಟದ ಪಟ್ಟಿ ಬರೆದುಕೊಟ್ಟ ಮೇಲೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: 'ಮಧ್ಯೆ ಏನಾದರೂ ಬಾಯಾಡಿಸಬಹುದಾ?' ಕೆಲವರು ಪ್ಯಾಕೆಟ್ಟನ್ನೇ ಹಿಡಿದು ತರುತ್ತಾರೆ. ಅಂಥವರು ಬಂದರೆ ನನಗೆ ಖುಷಿ. ತಿಂಡಿಯ ಹೆಸರು ಕೇಳಿ ಹೇಳುವುದಕ್ಕಿಂತ ಅದರ ಹಿಂಬದಿ ಓದಿ ಹೇಳುವುದೇ ಸರಿ.

ಮೊದಲು ಸೋಡಿಯಂ. ದಿನಕ್ಕೆ 2 ಗ್ರಾಂ ಸೋಡಿಯಂ, ಅಂದರೆ ಸುಮಾರು 5 ಗ್ರಾಂ ಉಪ್ಪು, ನಾವು ಸಾಮಾನ್ಯವಾಗಿ ಹೇಳುವ ಮಿತಿ. 'ಒಂದು ಸರ್ವಿಂಗ್‌ಗೆ 160 ಮಿಲಿಗ್ರಾಂ' ಅಂತ ನೋಡಿದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಆ ಸರ್ವಿಂಗ್ 20 ಗ್ರಾಂ, ಪ್ಯಾಕೆಟ್ 60 ಗ್ರಾಂ. ಮೂರನೇ ಒಂದು ಪಾಲು ತಿಂದು ಮಡಚಿಡುವವರು ಯಾರಿದ್ದಾರೆ? ಪೂರ್ತಿ ಮುಗಿಸಿದರೆ 480 ಮಿಲಿಗ್ರಾಂ. ದಿನದ ಲೆಕ್ಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ಅದಕ್ಕೇ 100 ಗ್ರಾಂ ಲೆಕ್ಕದ ಸಾಲನ್ನು ನೋಡಿ. 120 ಮಿಲಿಗ್ರಾಂ ಒಳಗಿದ್ದರೆ ಕಡಿಮೆ, 600 ದಾಟಿದರೆ ಜಾಸ್ತಿ. ಸಿಹಿ ಬಿಸ್ಕತ್ತನ್ನೂ ಬಿಡಬೇಡಿ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಇನ್ನೊಂದು ಕಾಟ: ಉಪ್ಪು ತಿಂದರೆ ಬಾಯಾರಿಕೆ, ನೀರಿಗೆ ಮಿತಿ.

ನನಗೆ ಹೆಚ್ಚು ಭಯ ಇರುವುದು 'ಕಡಿಮೆ ಸೋಡಿಯಂ' ಅಂತ ಬರೆದ ಪ್ಯಾಕೆಟ್ಟಿನ ಬಗ್ಗೆ. ಕೆಲವದರಲ್ಲಿ ಉಪ್ಪು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಅದು ಬರೀ 508 ಎಂಬ ಸಂಖ್ಯೆಯಾಗಿಯೂ ಇರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಹಾಗಂತ ಕಿಡ್ನಿ ಕಾಯಿಲೆಯವರೆಲ್ಲ ಪೊಟ್ಯಾಸಿಯಂಗೆ ಹೆದರಬೇಕಿಲ್ಲ. ಶುರುವಿನ ಹಂತದಲ್ಲಿ ಎಷ್ಟೋ ಜನರಿಗೆ ಅದು ಸರಿಯಾಗೇ ಇರುತ್ತದೆ. ಸುಮ್ನೆ ಹಣ್ಣು ತರಕಾರಿ ಬಿಟ್ಟು ಸೊರಗುವವರನ್ನೂ ನೋಡಿದ್ದೇನೆ. ಇದನ್ನು ನಿಮ್ಮ ರಕ್ತದ ರಿಪೋರ್ಟ್ ಹೇಳಬೇಕು, ಪಕ್ಕದ ಮನೆಯವರಲ್ಲ.

ಕಿಡ್ನಿ ಸೋತಾಗ ಮೈಯಲ್ಲೇ ಉಳಿದುಹೋಗುವ ಇನ್ನೊಂದು ಖನಿಜ ರಂಜಕ, ಅಂದರೆ ಫಾಸ್ಫರಸ್. ಅದರ ಪ್ರಮಾಣವನ್ನು ಹೆಚ್ಚಿನ ಪ್ಯಾಕೆಟ್‌ಗಳು ಬರೆಯುವುದೇ ಇಲ್ಲ. ಪದಾರ್ಥಗಳ ಪಟ್ಟಿಯಲ್ಲಿ 'ಫಾಸ್ಫೇಟ್' ಎಂಬ ಪದ ಹುಡುಕಿ. ಸಂಖ್ಯೆಯಾದರೆ 338ರಿಂದ 341, 450ರಿಂದ 452. ಬಾದಾಮಿ, ಕಡಲೆಯಂಥ ಕಾಳುಬೀಜಗಳಲ್ಲಿ ರಂಜಕ ಇದ್ದರೂ ಅದರಲ್ಲಿ ಒಂದಷ್ಟು ಮಾತ್ರ ಮೈಗೆ ಹತ್ತುತ್ತದೆ. ತಯಾರಿಸುವಾಗ ಬೆರೆಸಿದ ಫಾಸ್ಫೇಟನ್ನು ಮೈ ಬಹುಪಾಲು ಹೀರಿಕೊಳ್ಳುತ್ತದೆ. ಹಾಗಾಗಿ ಪೊಟ್ಯಾಸಿಯಂ ಹಿಡಿತದಲ್ಲಿದ್ದರೆ, ಸಂಸ್ಕರಿಸಿದ ಚೀಸ್ ತುಂಬಿದ ಬಿಸ್ಕತ್ತಿಗಿಂತ ಉಪ್ಪಿಲ್ಲದ ಐದಾರು ಬಾದಾಮಿಯೇ ವಾಸಿ ಅನ್ನುತ್ತೇನೆ. ಪೊಟ್ಯಾಸಿಯಂ ಜಾಸ್ತಿ ಇರುವವರಿಗೆ ಆಲೂಗಡ್ಡೆ ಚಿಪ್ಸ್ ಬದಲು ಮನೆಯಲ್ಲೇ ಹುರಿದ, ಉಪ್ಪು ಹಾಕದ ಪಾಪ್‌ಕಾರ್ನ್ ಒಂದೆರಡು ಕಪ್.

ಸಕ್ಕರೆ ಕಾಯಿಲೆಯೂ ಜೊತೆಗಿದ್ದು ಸಕ್ಕರೆ ತೀರಾ ಇಳಿದಾಗ ಮಾತ್ರ ಈ ಓದುವ ಕೆಲಸವೆಲ್ಲ ಬೇಡ. ಗ್ಲೂಕೋಸ್ ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಆಗ ಪೊಟ್ಯಾಸಿಯಂ ತುಂಬಿದ ಕಿತ್ತಳೆ ರಸಕ್ಕೆ ಕೈಹಾಕುವ ಪ್ರಸಂಗ ಬರುವುದಿಲ್ಲ.